ಹಬ್ಬದ ದಿನ, ಸೂತಕದ ಮನೆ

ವಡಗಾವಿಯ ನೇಕಾರರ ಓಣಿಗಳಲ್ಲಿ ದೀಪಾವಳಿ ಬಂತೆಂದರೆ ಮನೆ ಮನೆಗೂ ಆಕಾಶಬುಟ್ಟಿ ಏರುತ್ತದೆ. ಸಾಲಿನಲ್ಲಿ ಒಂದು ಮನೆ ಮಾತ್ರ ಕತ್ತಲಾಗಿದ್ದರೆ ಅಲ್ಲಿ ಯಾರೋ ತೀರಿಕೊಂಡಿದ್ದಾರೆಂದು ಓಣಿಗೆಲ್ಲ ತಿಳಿಯುತ್ತದೆ. ಆ ಮನೆಯ ಮಗು ಕೇಳುತ್ತದೆ: "ಯವ್ವಾ, ಅಜ್ಜ ಸತ್ರ ನಾ ಯಾಕ ಸುರಸುರಬತ್ತಿ ಹಚ್ಚಬಾರದು?" "ಸೂತಕ ಐತಿ, ಸುಮ್ನಿರು" ಎಂಬಲ್ಲಿಗೆ ಉತ್ತರ ಮುಗಿದುಹೋಗುತ್ತದೆ.

ರೋಗಾಣು ಹರಡದಿರಲೆಂದೇ ಸೂತಕ ಎಂದು ಓದಿದವರು ಕೆಲವರು ಹೇಳುವುದುಂಟು. ಇದನ್ನು ಪರೀಕ್ಷಿಸಿ ನೋಡೋಣ. ಶವವನ್ನು ಕಣ್ಣಿನಿಂದಲೂ ಕಾಣದೆ ಮುಂಬಯಿಯಲ್ಲಿರುವ ದಾಯಾದಿಗೆ ಸೂತಕವುಂಟು. ಹಗಲಿರುಳು ಆರೈಕೆ ಮಾಡಿ, ಹೆಣಕ್ಕೆ ಹೆಗಲು ಕೊಟ್ಟ ನೆರೆಯವನು ಸ್ನಾನ ಮಾಡಿದರೆ ಸಾಕು. ದಾಯಾದಿ ಯಾರು, ನೆರೆಯವ ಯಾರು ಎಂಬುದು ರೋಗಾಣುವಿಗೆ ತಿಳಿಯದು! ಅಂದಮೇಲೆ ಸೂತಕದ ಸಂಬಂಧ ಮೈಯೊಂದಿಗಲ್ಲ, ನಂಟಿನೊಂದಿಗೆ. 12ನೇ ಶತಮಾನದ ಶರಣರಂತೂ ಸೂತಕವನ್ನೇ ಒಪ್ಪಲಿಲ್ಲ.

ಬೇರೆಯವರು ಏನು ಮಾಡುತ್ತಾರೆ? ನಮ್ಮ ಗಡಿಯಾಚೆಯ ಕೊಂಕಣದಲ್ಲಿ ಮರಾಠಿ ಮಾತಾಡುವ ಬೆನೆ ಇಸ್ರೇಲ್ ಯಹೂದಿಗಳು ತಲೆಮಾರುಗಳಿಂದ ಬಾಳಿದರು. ಎಣ್ಣೆಗಾಣ ನಡೆಸುತ್ತಿದ್ದ ಇವರು ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎನಿಸಿಕೊಂಡರು. 1948ರ ನಂತರ ಅನೇಕರು ಇಸ್ರೇಲಿಗೆ ಹೋದರು. ಯಹೂದಿಗಳಲ್ಲಿ ಹತ್ತಿರದವರು ತೀರಿಕೊಂಡರೆ, ಮಣ್ಣು ಮಾಡಿದಂದಿನಿಂದ 7 ದಿನ ಶೋಕ. ಅದರ ಹೆಸರು ‘ಶಿವಾ’. ನಮ್ಮ ಶಿವನಿಗೂ ಇದಕ್ಕೂ ನಂಟಿಲ್ಲ. ಹೀಬ್ರೂ ಭಾಷೆಯಲ್ಲಿ ಹಾಗೆಂದರೆ ಏಳು. ಮನೆಯವರು ಹೊರಗೆ ಹೋಗದೆ ತಗ್ಗಾದ ಆಸನದ ಮೇಲೆ ಕೂರುತ್ತಾರೆ. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟವನ್ನು ನೆರೆಹೊರೆಯವರೇ ತಂದುಕೊಡಬೇಕು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸದೆ, ಪಕ್ಕದ ಮನೆಯಿಂದ ಅನ್ನ ಬರುವ ನಮ್ಮ ರೂಢಿ ನೆನಪಾಗದೆ ಇರದು.

ಆದರೆ ಒಂದು ವಿಷಯದಲ್ಲಿ ಅವರದು ನಮಗೆ ತದ್ವಿರುದ್ಧ. ಏಳು ದಿನಗಳ ನಡುವೆ ಪೆಸಾಕ್‌ನಂಥ ದೊಡ್ಡ ಹಬ್ಬ ಬಂದರೆ ಶೋಕ ಅಲ್ಲಿಗೇ ಮುಗಿಯಿತು; ಉಳಿದ ದಿನಗಳನ್ನು ಮತ್ತೆ ಎಣಿಸುವುದಿಲ್ಲ. ಹಬ್ಬದ ನಡುವೆಯೇ ಮಣ್ಣು ಮಾಡಿದ್ದರೆ ಏಳು ದಿನಗಳ ಎಣಿಕೆ ಹಬ್ಬ ಮುಗಿದ ಮೇಲೆ. ತಂದೆತಾಯಿಗಾಗಿ 12 ತಿಂಗಳು ಸಂಗೀತ, ಸಂಭ್ರಮಗಳಿಂದ ದೂರವಿರುವ ಮಗನೂ ಹಬ್ಬದ ಪ್ರಾರ್ಥನೆಗೆ ಹೋಗುತ್ತಾನೆ. ನಮ್ಮಲ್ಲಿ ಸಾವು ಹಬ್ಬವನ್ನು ನಿಲ್ಲಿಸಿದರೆ, ಅಲ್ಲಿ ಹಬ್ಬ ಶೋಕವನ್ನು ನಿಲ್ಲಿಸುತ್ತದೆ. ಹಬ್ಬ ಇಡೀ ಸಮುದಾಯದ್ದು, ಒಬ್ಬರ ದುಃಖಕ್ಕಿಂತ ದೊಡ್ಡದು ಎಂಬುದು ಅವರ ಎಣಿಕೆ. ಹಾಗೆಂದು ಸತ್ತವರನ್ನು ಮರೆಯುವುದಿಲ್ಲ. ಹಬ್ಬದ ಕೊನೆಯ ದಿನ ಅವರಿಗಾಗಿಯೇ ‘ಯಿಜ್ಕೋರ್’ ಎಂಬ ಪ್ರಾರ್ಥನೆಯುಂಟು. ನವರಾತ್ರಿಗೆ ಮುನ್ನ ನಾವು ಮಹಾಲಯ ಅಮಾವಾಸ್ಯೆಯಂದು ಹಿರಿಯರನ್ನು ನೆನೆಯುವಂತೆಯೇ ಇದೂ.

ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಪು ಕೊಡಬೇಕಾಗಿಲ್ಲ. ಪಾಲಕರು ತಮ್ಮ ರೂಢಿಯನ್ನು ನಡೆಸಲಿ, ಬಿಡಲಿ. ಮಗುವಿಗೆ ಮಾತ್ರ ಕಾರಣ ಹೇಳಲಿ. "ನಿನ್ನಲ್ಲಿ ಮೈಲಿಗೆಯೇನೂ ಇಲ್ಲಪ್ಪಾ. ಅಜ್ಜ ಇಲ್ಲದ ಮೊದಲ ದೀಪಾವಳಿ ಇದು, ಅದಕ್ಕ ಈ ವರ್ಷ ಸುಮ್ಮನಿದ್ದೀವಿ" ಎಂದರೆ ಏಳು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಆಮೇಲೆ ಪಕ್ಕದ ಮನೆಯಿಂದ ಒಂದು ತಟ್ಟೆ ಚಕ್ಕುಲಿ ಬಂದರೆ, ಕತ್ತಲ ಮನೆಯೂ ಓಣಿಯ ಹಬ್ಬದೊಳಗೇ ಇದೆಯೆಂದು ಅದಕ್ಕೆ ತಾನಾಗಿಯೇ ತಿಳಿಯುತ್ತದೆ.