ಜ್ವರ ಬಿಟ್ಟ ಮೇಲಿನ ಕಾಯಿಲೆ

ರಕ್ತಪರೀಕ್ಷೆಯಲ್ಲಿ ಏನೂ ಕಾಣಿಸಲಿಲ್ಲವೆಂದ ಮೇಲೆ ಮೈಯಲ್ಲಿ ಏನಿರಲು ಸಾಧ್ಯ, ಉಳಿದ ನೋವೆಲ್ಲ ಮನಸ್ಸಿನದು ಎಂಬ ಮಾತು ಈಚೆಗೆ ವಿದ್ಯಾವಂತರ ಬಾಯಲ್ಲಿ ಬಹಳ ಸಲೀಸಾಗಿ ಬರುತ್ತಿದೆ. ದಾವಣಗೆರೆಯಿಂದ ಲೋಕಿಕೆರೆಗೆ ಹೋಗುವ ಬಸ್ಸಿನಲ್ಲಿ, ಚಿಕೂನ್‌ಗುನ್ಯಾ ಬಂದುಹೋಗಿ ತಿಂಗಳುಗಳು ಕಳೆದರೂ ಮುಷ್ಟಿ ಕಟ್ಟಲಾರದ ಹೆಣ್ಣುಮಗಳೊಬ್ಬಳ ವಿಷಯವಾಗಿ ಈ ಮಾತನ್ನಾಡಿದ ಮಹನೀಯರು ತಾವು ವಿಜ್ಞಾನದ ಪಕ್ಷವನ್ನು ವಹಿಸಿದ್ದೇವೆಂದೇ ಭಾವಿಸಿದ್ದರು. ನನಗಾದರೋ ಅದು ವಿಜ್ಞಾನದ ವೇಷ ತೊಟ್ಟ ಅಸಹನೆಯಾಗಿ ಕಂಡಿತು. ರೋಗಾಣು ದೇಹವನ್ನು ಬಿಟ್ಟುಹೋಗುವುದು ಒಂದು ಘಟನೆ, ರೋಗವು ಮನುಷ್ಯನನ್ನು ಬಿಟ್ಟುಹೋಗುವುದು ಮತ್ತೊಂದು; ಇವೆರಡೂ ಒಂದೇ ಮುಹೂರ್ತದಲ್ಲಿ ನಡೆಯತಕ್ಕದ್ದೆಂದು ಯಾವ ವೈದ್ಯಶಾಸ್ತ್ರವೂ ವಿಧಿಸಿಲ್ಲ.

2006ನೆಯ ಇಸವಿಯಲ್ಲಿ ಈ ಜ್ವರವು ನಮ್ಮ ಬಯಲುಸೀಮೆಯನ್ನು ಹೊಕ್ಕ ಬಗೆ ಇಲ್ಲಿನ ನಡುವಯಸ್ಸಿನವರಿಗೆ ನೆನಪಿರಬೇಕು. 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ತಲೆದೋರಿ, ಅನಂತರ ಮೂರು ದಶಕಗಳಷ್ಟು ಕಾಲ ದೊಡ್ಡದಾಗಿ ಹಬ್ಬದೆ ಅಡಗಿದ್ದ ವ್ಯಾಧಿಯು, ನಲ್ಲಿಯ ನೀರಿಗಾಗಿ ದಿನಗಟ್ಟಲೆ ಕಾಯುವ ಮನೆಗಳ ಡ್ರಮ್ಮು, ತೊಟ್ಟಿ, ಗುಡಾಣಗಳಲ್ಲಿ ಮರಿಯಾಗುವ ಈಡಿಸ್ ಸೊಳ್ಳೆಯನ್ನು ವಾಹನವಾಗಿಸಿಕೊಂಡು, ಆ ಒಂದೇ ವರ್ಷದಲ್ಲಿ ದೇಶದ ಸುಮಾರು 13.9 ಲಕ್ಷ ಜನರನ್ನು ಶಂಕಿತ ರೋಗಿಗಳ ಪಟ್ಟಿಗೆ ಸೇರಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರ್ನಾಟಕದವರು. ಇದರಿಂದ ಸತ್ತವರು ಯಾರೂ ಇಲ್ಲವೆಂಬುದು ಸರ್ಕಾರದ ಲೆಕ್ಕವಾಗಿತ್ತು. ಲೆಕ್ಕದ ಪುಸ್ತಕದಲ್ಲಿ ಜ್ವರಕ್ಕೊಂದು ಅಂಕಣ, ಸಾವಿಗೊಂದು ಅಂಕಣ; ಆರು ತಿಂಗಳ ಮೇಲೂ ಬೆಳಗ್ಗೆ ಎದ್ದು ನೆಲಕ್ಕೆ ಪಾದವೂರಲಾರದೆ ಗೋಡೆ ಹಿಡಿದು ಬಚ್ಚಲಿಗೆ ಹೋದವರಿಗೆ ಅದರಲ್ಲಿ ಜಾಗವಿರಲಿಲ್ಲ.

ಅದೇ ಕಾಲದಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಇದೇ ಜ್ವರಕ್ಕೆ ತುತ್ತಾಯಿತು. ಅಲ್ಲಿನ ಕೆಲವು ರೋಗಿಗಳನ್ನು 15 ತಿಂಗಳ ಬಳಿಕ ವಿಚಾರಿಸಿದ ಒಂದು ಅಧ್ಯಯನದಲ್ಲಿ ನೂರಕ್ಕೆ 57 ಮಂದಿ ತಮ್ಮ ಕೀಲುನೋವು ಇನ್ನೂ ಹೋಗಿಲ್ಲವೆಂದರು. ಆ ದ್ವೀಪವಾಸಿಗಳೂ ನಮ್ಮ ಹರಿಹರ ದಾವಣಗೆರೆಯ ನಿವಾಸಿಗಳೂ ಪರಸ್ಪರ ಪತ್ರ ಬರೆದುಕೊಂಡು ಒಂದೇ ಭ್ರಮೆಯನ್ನು ಹಂಚಿಕೊಂಡರೆಂದು ನಂಬುವುದಕ್ಕೆ ನನಗಿರುವುದಕ್ಕಿಂತ ಹೆಚ್ಚಿನ ಶ್ರದ್ಧೆ ಬೇಕು. ವೈರಾಣು ರಕ್ತದಿಂದ ಒಂದು ವಾರದ ಆಸುಪಾಸಿನಲ್ಲಿ ಮರೆಯಾಗುವುದು ನಿಜ. ಆದರೆ ಅದನ್ನು ಹೊರದೂಡಲೆಂದು ಎದ್ದ ಶರೀರದ ರಕ್ಷಣಾವ್ಯವಸ್ಥೆಯು ಕೀಲಿನ ಒಳಪೊರೆಯಲ್ಲಿ ಹಚ್ಚಿದ ಉರಿಯೂತ ಅಷ್ಟು ಬೇಗ ಶಮನವಾಗುವುದಿಲ್ಲ. ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯಲ್ಲಂತೂ, ಜ್ವರ ಇಳಿದು ಒಂದೆರಡು ವಾರ ನೆಮ್ಮದಿಯಾಗಿದ್ದ ಹತ್ತು ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಜ್ವರ, ತಲೆನೋವು, ನಡುಕಗಳು ಮರಳಿ ಬರುವುದುಂಟು; ಆ ಮರುಕಳಿಕೆಯನ್ನು ಮನೋವಿಕಾರವೆಂದು ಕರೆಯುವ ಧೈರ್ಯವನ್ನು ಮಲೆನಾಡಿನಲ್ಲಿ ಯಾರೂ ಮಾಡಲಾರರು.

ಉಣುಗಿನ ಮಾತು ಬಂದುದರಿಂದ ಸ್ವಲ್ಪ ದೂರ ಹೋಗಿಬರುವುದಕ್ಕೆ ಓದುಗರ ಅಪ್ಪಣೆ ಬೇಡುತ್ತೇನೆ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಲೈಮ್ ಎಂಬುದೊಂದು ಊರು. ಅಲ್ಲಿನ ಪಾಲಿ ಮರ‍್ರೆ ಎಂಬ ಗೃಹಿಣಿ ತನ್ನ ಮತ್ತು ತನ್ನ ಮಕ್ಕಳ ಕೀಲುಬಾವು, ಚರ್ಮದ ಕೆಂಪು, ತೀರದ ಆಯಾಸಗಳನ್ನು ವರ್ಷಗಟ್ಟಲೆ ವೈದ್ಯರ ಮುಂದೆ ನಿವೇದಿಸಿಕೊಂಡು, ಅವರು ಇದೆಲ್ಲ ಕಲ್ಪನೆಯಿರಬಹುದೆಂದು ಸಂದೇಹಿಸಿದರೂ ಎದೆಗುಂದದೆ, ಯಾರಿಗೆ ಯಾವಾಗ ಏನಾಯಿತೆಂದು ತಾನೇ ಬರೆದಿಟ್ಟುಕೊಳ್ಳುತ್ತಾ ಹೋಗಿ, 1975ರಲ್ಲಿ ಸಂಸ್ಥಾನದ ಆರೋಗ್ಯ ಇಲಾಖೆಗೆ ದೂರಿತ್ತಳು. ಅದರ ಬೆನ್ನುಹಿಡಿದು ಹೊರಟ ವಿಚಾರಣೆಯಿಂದಲೇ ಲೋಕಕ್ಕೆ, ಉಣುಗಿನಿಂದಲೇ ಹರಡುವ ಲೈಮ್ ಕಾಯಿಲೆಯ ಪರಿಚಯವಾದುದು. ಅದಕ್ಕೆ ಕಾರಣವಾದ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ವಿಲ್ಲಿ ಬರ್ಗ್‌ಡಾರ್ಫರ್ ಗುರುತಿಸಿದ ಸಂಗತಿ ಪ್ರಕಟವಾದದ್ದು 1982ರಲ್ಲಿ. ಅಂದರೆ ಪ್ರಯೋಗಶಾಲೆ ಸಾಕ್ಷ್ಯ ನುಡಿಯುವುದಕ್ಕೆ ಏಳು ವರ್ಷ ಮೊದಲೇ ರೋಗಿಯ ಮಾತು ಸಾಕ್ಷ್ಯ ನುಡಿದಿತ್ತು. ಇಷ್ಟಾದರೂ ಕಥೆ ಮುಗಿಯಲಿಲ್ಲ: ಕೆಲವು ವಾರಗಳ ಆಂಟಿಬಯೋಟಿಕ್ ಚಿಕಿತ್ಸೆಯನ್ನು ಕ್ರಮವಾಗಿ ಪೂರೈಸಿದವರಲ್ಲಿಯೂ ನೂರಕ್ಕೆ ಐದರಿಂದ ಹತ್ತು ಮಂದಿಗೆ ಆಯಾಸ, ಮೈನೋವು, ಮರೆವುಗಳು ಆರು ತಿಂಗಳು ದಾಟಿಯೂ ಉಳಿಯುತ್ತವೆ. ಬ್ಯಾಕ್ಟೀರಿಯ ಸತ್ತ ಬಳಿಕವೂ ಅದರ ಹೊರಗೋಡೆಯ ಚೂರುಗಳು ಕೆಲವರ ಕೀಲಿನ ದ್ರವದಲ್ಲಿ ಉಳಿದುಕೊಂಡು ಉರಿಯೂತವನ್ನು ಕೆರಳಿಸುತ್ತಿರುವುದನ್ನು 2019ರಲ್ಲಿ ಸಂಶೋಧಕರು ತೋರಿಸಿದರು. ಕಾಣಿಸದಿದ್ದುದೆಲ್ಲ ಇಲ್ಲದ್ದೆಂದು ತೀರ್ಮಾನಿಸುವವರು ಇದನ್ನು ಗಮನಿಸಬೇಕು.

ಎದುರುಪಕ್ಷದಲ್ಲಿ ನಾನು ಗೌರವಿಸುವ ವಾದವೊಂದುಂಟು. ಅದು ಅನುಭವಿ ವೈದ್ಯರದು. ಉಳಿದ ನೋವಿಗೆಲ್ಲ ಹಳೆಯ ರೋಗದ ಹೆಸರನ್ನೇ ಹಚ್ಚಿದರೆ ಹಳೆಯ ಔಷಧವನ್ನೇ ಮುಂದುವರಿಸುವ ಪ್ರಲೋಭನೆ ಹುಟ್ಟುವುದೆಂದೂ, ಕೀಲುವಾತದಂಥ ಬೇರೊಂದು ವ್ಯಾಧಿ ಆ ಹೆಸರಿನ ಮರೆಯಲ್ಲಿ ಅವಿತುಕೊಂಡು ಬೆಳೆಯುವುದೆಂದೂ ಅವರು ಹೇಳುತ್ತಾರೆ. ಎರಡೂ ನಿಜವೇ. ಲೈಮ್ ರೋಗಿಗಳಿಗೆ ತಿಂಗಳುಗಟ್ಟಲೆ ಆಂಟಿಬಯೋಟಿಕ್ ಕೊಟ್ಟು ನೋಡಿದ ಪರೀಕ್ಷೆಯಲ್ಲಿ, ಬರಿಯ ತೋರಿಕೆಯ ಔಷಧ ಪಡೆದವರಿಗಿಂತ ಹೆಚ್ಚಿನ ಗುಣ ಕಾಣಲಿಲ್ಲವೆಂದು 2001ರಲ್ಲಿಯೇ ಪ್ರಕಟವಾಗಿದೆ. ನಮ್ಮ ಹಳ್ಳಿಗಳಲ್ಲಿ ಆ ಸ್ಥಾನವನ್ನು ಸ್ಟೀರಾಯ್ಡ್ ಸೂಜಿ ಆಕ್ರಮಿಸಿದೆ: ಸಂಜೆ ಚುಚ್ಚಿಸಿಕೊಂಡವನು ಬೆಳಗ್ಗೆ ಹೊಲಕ್ಕೆ ನಡೆಯುತ್ತಾನೆ, ನಾಲ್ಕು ದಿನಕ್ಕೆ ಮತ್ತೆ ಬರುತ್ತಾನೆ, ಕಾಲಕ್ರಮದಲ್ಲಿ ಸಕ್ಕರೆ ಕಾಯಿಲೆಯನ್ನೂ ಸವೆದ ಮೂಳೆಯನ್ನೂ ಸಂಪಾದಿಸಿಕೊಳ್ಳುತ್ತಾನೆ. ಆದರೆ ಈ ವಾದದಿಂದ ಫಲಿಸುವುದು ರೋಗಿಯನ್ನು ಮತ್ತೊಮ್ಮೆ ಜಾಗರೂಕತೆಯಿಂದ ಪರೀಕ್ಷಿಸಬೇಕೆಂಬ ಕರ್ತವ್ಯವೇ ಹೊರತು ಅವಳನ್ನು ಬಾಗಿಲಿಂದಾಚೆ ಕಳುಹಿಸುವ ಅಧಿಕಾರವಲ್ಲ. ಇನ್ನು ಮೈಯ ವಿಷವನ್ನು ಇಳಿಸುತ್ತೇವೆಂದು ಸಂತೆಯಲ್ಲಿ ತೈಲ ಮಾರುವವರ ವಾದಕ್ಕೆ ಉತ್ತರ ಕೊಡುವುದು ಕಾಲಹರಣ.

ಈ ನೋವು ಯಾರ ಮೇಲೆ ಎಷ್ಟು ಭಾರವಾಗಿ ಬೀಳುತ್ತದೆಂಬುದನ್ನು ವಿಚಾರಿಸದೆ ಇಡೀ ಪ್ರಶ್ನೆಯನ್ನು ಜೀವಕೋಶಗಳ ಮಟ್ಟದಲ್ಲಿಯೇ ಮುಗಿಸುವುದು ನನಗೆ ಸಮ್ಮತವಲ್ಲ. ದಾವಣಗೆರೆಯ ಸುತ್ತಿನ ಸೀಮೆಯಲ್ಲಿ ಮೆಕ್ಕೆಜೋಳದ ಬೆಳೆ ಬಲಿತಾಗ ತೆನೆ ಮುರಿಯುವ ಕೆಲಸಕ್ಕೆ ಬೇಕಾದದ್ದು ಮಣಿಕಟ್ಟು ಮತ್ತು ಬೆರಳಗಂಟುಗಳ ಬಲ. ಗದ್ದೆಯ ನಾಟಿಗೆ ಬೇಕಾದದ್ದು ಬಗ್ಗುವ ಸೊಂಟ, ಕೆಸರಿನಲ್ಲಿ ಊರಿ ಕೀಳುವ ಹರಡು. ರೊಟ್ಟಿ ತಟ್ಟುವುದಕ್ಕೆ ಅಂಗೈ ಸಪಾಟಾಗಿ ಬಿಚ್ಚಿಕೊಳ್ಳಬೇಕು. ಚಿಕೂನ್‌ಗುನ್ಯಾ ಹುಡುಕಿ ಹಿಡಿಯುವುದು ಈ ಸಂದುಗಳನ್ನೇ. ಸಂಬಳದ ರಜೆಯುಳ್ಳವನಿಗೆ "ವಿಶ್ರಾಂತಿ ತೆಗೆದುಕೊಳ್ಳಿ" ಎಂಬುದು ಚಿಕಿತ್ಸೆ. ದಿನಗೂಲಿಯವಳಿಗೆ ಅದು ಉಪವಾಸದ ಆಜ್ಞೆ. ಗಂಡಸಿಗೆ ಮಂಡಿ ಹಿಡಿದರೆ ಮನೆಯೆಲ್ಲ ಅವನಿಗೆ ಮಣೆ ಹಾಕುತ್ತದೆ, ಸೊಸೆಗೆ ಬೆರಳು ಹಿಡಿದರೆ ಮೈಗಳ್ಳತನವೆಂಬ ಬಿರುದು ಸಿಗುತ್ತದೆ. "ಜ್ವರ ಬಿಟ್ಟೈತೆ, ಕೀಲು ಬಿಟ್ಟಿಲ್ರೀ" ಎಂದು ಅವಳು ಹೇಳುವಾಗ ಅದರಲ್ಲಿ ಯಾವ ಅತಿಶಯೋಕ್ತಿಯನ್ನೂ ನಾನು ಕಾಣೆ. ಆ ಕೀಲಿಗೆ ಪವಾಡಸದೃಶವಾದ ಮದ್ದೇನೂ ಇಲ್ಲ. ವೈದ್ಯರ ಸಲಹೆಯಂತೆ ಮಿತವಾದ ನೋವುಶಾಮಕ, ಬಿಸಿನೀರಿನ ಕಾವು, ಸಂದುಗಳು ಬಿಗಿಯದಂತೆ ದಿನವೂ ಮೆಲ್ಲಗೆ ಆಡಿಸುವ ವ್ಯಾಯಾಮ, ಭಾರದ ಕೆಲಸವನ್ನು ಮನೆಯವರು ಹಂಚಿಕೊಳ್ಳುವುದು, ಇವುಗಳಿಂದ ಬಹುಮಂದಿ ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ಈ ಪೈಕಿ ಕೊನೆಯದು ನೋವನ್ನು ನಿಜವೆಂದು ಮೊದಲು ಒಪ್ಪಿದ ಮನೆಯಲ್ಲಿ ಮಾತ್ರ ದೊರೆಯುವಂಥದು.

ಆದಕಾರಣ ಲೋಕಿಕೆರೆಯಂಥ ಊರುಗಳಲ್ಲಿ ಜ್ವರದ ಲೆಕ್ಕ ಬರೆಯುವ ಪುಸ್ತಕಕ್ಕೆ ಇನ್ನೊಂದು ಅಂಕಣವನ್ನು ಸೇರಿಸಬೇಕೆಂದು ನಾನು ಕೇಳುತ್ತೇನೆ. ಜ್ವರ ಬಂದು ಮೂರು ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆ ಅದೇ ಮನೆಗೆ ಮತ್ತೊಮ್ಮೆ ಹೋಗಲಿ. ಮುಷ್ಟಿ ಕಟ್ಟಲಾಗುತ್ತದೆಯೇ, ಕುಕ್ಕರುಗಾಲಿನಲ್ಲಿ ಕೂತು ಏಳಲಾಗುತ್ತದೆಯೇ, ಬೆಳಗಿನ ಬಿಗಿತ ಎಷ್ಟು ಹೊತ್ತಿಗೆ ಸಡಿಲುತ್ತದೆ ಎಂದು ವಿಚಾರಿಸಿ ಬರೆದುಕೊಳ್ಳಲಿ. ಸಡಿಲದವರನ್ನು ದಾವಣಗೆರೆಯ ದೊಡ್ಡಾಸ್ಪತ್ರೆಯ ಕೀಲುತಜ್ಞರಲ್ಲಿಗೆ ಚೀಟಿ ಕೊಟ್ಟು ಕಳುಹಿಸಲಿ.