ಹಾವಿಗೊಂದು ಮನೆ

ನಾಗರಪಂಚಮಿಯ ದಿನ. ಯರಗಟ್ಟಿಯ ಒಂದು ಮನೆಯ ಪಡಸಾಲೆಯಲ್ಲಿ, ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗನು ಎಳ್ಳುಂಡಿಯನ್ನು ಮೆಲ್ಲುತ್ತ ತನ್ನ ಹಂಬಲವನ್ನು ಹೊರಗೆಡಹಿದನು:

“ಅಜ್ಜಾ, ನಾ ಒಂದು ಹಾವು ಸಾಕಬೇಕಂತ ಮಾಡೀನಿ.”

ಅಜ್ಜನು ಬೆಚ್ಚಲಿಲ್ಲ, ಬೈಯಲೂ ಇಲ್ಲ. “ಆತಪಾ. ಆದರ ಅದಕ್ಕ ಮನಿ ಎಂಥಾದ್ದು ಕಟ್ಟತೀ?” ಎಂದಷ್ಟೇ ಕೇಳಿದನು.

ಪ್ರಶ್ನೆ ಸಣ್ಣದು, ಆದರೆ ಹಾವು ಸಾಕುವವನ ವಿದ್ಯೆಯೆಲ್ಲ ಅದರಲ್ಲಿಯೇ ಅಡಗಿದೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತೆಂಬುದನ್ನು ಜನರು ಅನ್ಯಾಯಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಹಾವಿನ ಆಯ್ಕೆಯ ಜಾಣ್ಮೆಯನ್ನು ಗಮನಿಸುವವರು ವಿರಳ. ಹುತ್ತದೊಳಗೆ ಕತ್ತಲೆಯಿದೆ, ಇಕ್ಕಟ್ಟಿದೆ; ಹೊರಗೆ ಬಿಸಿಲು ಸುಡುವಾಗಲೂ ಅಲ್ಲಿ ತಂಪಿದೆ, ತೇವವಿದೆ. ಮನುಷ್ಯನ ದೇಹದಂತೆ ಹಾವಿನ ದೇಹವು ಒಂದೇ ಕಾವನ್ನು ಸದಾ ಕಾಯ್ದುಕೊಳ್ಳಲಾರದು. ಬಿಸಿಲಿಗೆ ಬಂದು ಮೈ ಕಾಯಿಸಿಕೊಳ್ಳಬೇಕು, ನೆರಳಿಗೆ ಸರಿದು ತಣಿಯಬೇಕು. ಅದರ ಪಾಲಿಗೆ ಮನೆಯೆಂದರೆ ಈ ಎರಡೂ ಕೈಗೆಟುಕುವ ಠಾವು.

ಗೋಡೆ ಕಟ್ಟುವ ಮುನ್ನ ಒಕ್ಕಲು ಯಾರೆಂಬುದು ಇತ್ಯರ್ಥವಾಗಬೇಕು. ನಾಗರ, ಕೇರೆ, ಹೆಬ್ಬಾವು ಮೊದಲಾದ ಈ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ, ಸೆರೆವಾಸವೂ ಉಂಟು. ನಗರಗಳ ಹವ್ಯಾಸಿಗಳು ಸಾಕುವುದು ಹೊರನಾಡಿನ ತಳಿಗಳನ್ನು. ಅವುಗಳಲ್ಲಿ ಹೆಸರಾದದ್ದು ಆಫ್ರಿಕದ ಬಾಲ್ ಪೈಥಾನ್. ವಿಷವಿಲ್ಲದ್ದು, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವಂಥದು. ಅದಕ್ಕೂ ಲೆಕ್ಕ ತಪ್ಪದು. 2024ರ ಫೆಬ್ರುವರಿಯಲ್ಲಿ ಹೊರಬಿದ್ದ ಕೇಂದ್ರ ಸರಕಾರದ ನಿಯಮಗಳಂತೆ ಅಂಥ ಪ್ರಾಣಿಯನ್ನು ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಅದರ ಮರಿ, ಮರಣ, ಕೈಬದಲುಗಳನ್ನೂ ತಿಳಿಸಬೇಕು.

ಇನ್ನು ಮನೆ. ಬೆಳೆದ ಬಾಲ್ ಪೈಥಾನಿಗೆ ನಾಲ್ಕಡಿ ಉದ್ದ, ಎರಡಡಿ ಅಗಲದ ಪೆಟ್ಟಿಗೆ ಬೇಕು. ಅದರ ಒಂದು ತುದಿ 32 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬೆಚ್ಚಗೆ, ಮತ್ತೊಂದು 26ರಷ್ಟು ತಂಪಾಗಿರಬೇಕು. ಎರಡು ಕಡೆಯೂ ಮೈ ಮುದುಡಿ ಅಡಗುವಂತಹ ಒಂದೊಂದು ಗೂಡಿರಬೇಕು. ಗೂಡು ಒಂದೇ ಆದರೆ ಹಾವು ಭಯದಿಂದ ಅದನ್ನು ಬಿಡದೆ, ಬೇಕಾದ ಕಾವನ್ನು ತೊರೆಯುತ್ತದೆ. ಕುಡಿಯುವ ನೀರು, ಗಾಳಿಯಲ್ಲಿ ತೇವ ಸದಾ ಇರತಕ್ಕದ್ದು. ಕಾವು ಕೊಡುವ ಸಾಧನಕ್ಕೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಸುಡುವ ತಾಣದ ಮೇಲೆಯೇ ಮಲಗಿ ಹಾವು ಮೈ ಬೇಯಿಸಿಕೊಂಡೀತು.

ಎಲ್ಲಕ್ಕೂ ಮಿಗಿಲಾದದ್ದು ಬಾಗಿಲು. ತಲೆ ತೂರುವಷ್ಟು ಸಂದು ಸಿಕ್ಕಿದರೆ ಸಾಮಾನ್ಯವಾಗಿ ಹಾವಿನ ಮೈಯೂ ತೂರುತ್ತದೆ. ಮುಚ್ಚಳದ ಮೇಲೆ ಕಲ್ಲು ಹೇರಿದರೆ ಸಾಲದು; ಚಿಲಕ ಬೇಕು, ಬೀಗ ಬೇಕು. ಈ ಎಚ್ಚರ ಕೇವಲ ನೆರೆಹೊರೆಯವರ ನಿದ್ರೆಗಾಗಿ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದವರ ಕೈ ತಪ್ಪಿದ, ಇಲ್ಲವೆ ಬೇಸತ್ತು ಬಿಟ್ಟ ಬರ್ಮಾದ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜವುಗಿನಲ್ಲಿ ಸಂತಾನ ಬೆಳೆಸಿದವು. ಅವು ನೆಲೆಯೂರಿದ ಭಾಗಗಳಲ್ಲಿ ರಕೂನ್ ಎಂಬ ಪ್ರಾಣಿ ಕಣ್ಣಿಗೆ ಬೀಳುವುದು ಶೇಕಡಾ 99ರಷ್ಟು ಇಳಿದುಹೋಗಿತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹಾಕದ ಒಂದು ಚಿಲಕದ ಬೆಲೆಯನ್ನು ಒಂದು ಕಾಡು ತೆರಬೇಕಾದೀತು.

ಮೊಮ್ಮಗನು ಇದನ್ನೆಲ್ಲ ಉತ್ಸಾಹದಿಂದಲೇ ವಿವರಿಸಿದನು. “ಎಷ್ಟು ವರ್ಷ ಬದುಕತೈತಿ ಅದು?” ಎಂದನು ಅಜ್ಜ.

“ಛಲೋ ನೋಡಿಕೊಂಡ್ರ ಇಪ್ಪತ್ತು, ಮೂವತ್ತು ವರ್ಷ.”

“ಅಂದ್ರ ನಿನ್ನ ನೌಕರಿ, ಲಗ್ನ, ಮಕ್ಕಳು, ಎಲ್ಲಾದರ ಸಂಗಾಟ ಅದೂ ಇರತೈತಿ. ಕರೆಂಟ್ ಹೋದ ದಿನ ಕಾವು ಯಾರು ಕೊಡತಾರ? ನೀ ಊರಿಗೆ ಬಂದಾಗ ಬೀಗ ಯಾರು ನೋಡತಾರ?”

ಮೊಮ್ಮಗನು ಸುಮ್ಮನಾದನು. ಸಂಜೆ ಹಿತ್ತಿಲ ಬಣವಿಯ ಬುಡದಲ್ಲಿ ಒಂದು ಕೇರೆ ಹಾವು ಸರಕ್ಕನೆ ಹರಿದು ಕಣ್ಮರೆಯಾಯಿತು. ಹುಡುಗನು ಎರಡು ಹೆಜ್ಜೆ ಮುಂದಿಟ್ಟನು. ಅಜ್ಜನು ತೋಳು ಹಿಡಿದನು.

“ಬಿಡು. ಜ್ವಾಳದ ಚೀಲಕ್ಕ ಬರೂ ಇಲಿ ಹಿಡಿಯೂದು ಅದs. ಅದರ ಮನಿ ಅದು ಕಂಡುಕೊಂಡೈತಿ.”

ಹಾವು ಸಾಕುವ ಹಂಬಲ ತಪ್ಪಲ್ಲ. ಭಯ ಕಳೆದು ಪ್ರೀತಿ ಮೂಡುವುದು ಒಳ್ಳೆಯದೇ. ಆದರೆ ಪೆಟ್ಟಿಗೆ ಸಿದ್ಧವಾಗಿ, ಕಾವು ತೇವಗಳು ಕೆಲವು ದಿನ ಒಂದೇ ಅಳತೆಯಲ್ಲಿ ನಿಂತು, ಚಿಲಕ ಬಿದ್ದ ಮೇಲೆಯೇ ಹಾವು ಮನೆಗೆ ಬರಬೇಕು. ಆ ಮನೆಯನ್ನು ಮೂವತ್ತು ವರ್ಷ ನಡೆಸಲಾರದವನಿಗೆ ಬಣವಿಯ ಕೇರೆಯನ್ನು ದೂರದಿಂದ ನೋಡುವ ಸುಖ ಇದ್ದೇ ಇದೆ. ಅದಕ್ಕೆ ಬೀಗ ಬೇಡ, ಬಾಡಿಗೆಯೂ ಬೇಡ.