ಮಹಾಜನ ವರದಿಯ ವರ್ಷ
ಚೀನಾದಲ್ಲಿ ಮಾವೋನ ಸಾಂಸ್ಕೃತಿಕ ಕ್ರಾಂತಿ ಬೀದಿಗಿಳಿದಿದ್ದ 1967ರಲ್ಲಿ ಬೆಳಗಾವಿಯ ತಲೆಬಿಸಿಯೇ ಬೇರೆ. ಹಿಂದಿನ ವರ್ಷ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆಂದು ಹೋರಾಟಗಾರ ಸೇನಾಪತಿ ಬಾಪಟರು ಕೂತ ಉಪವಾಸದ ಒತ್ತಡದಲ್ಲಿ, ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗವನ್ನು ಮೈಸೂರು–ಮಹಾರಾಷ್ಟ್ರ ಗಡಿ ತೀರ್ಮಾನಕ್ಕೆ ನೇಮಿಸಿತ್ತು. 1967ರ ಆಗಸ್ಟ್‌ನಲ್ಲಿ ವರದಿ ಬಂತು: ಬೆಳಗಾವಿ ಮೈಸೂರು ರಾಜ್ಯದಲ್ಲೇ (ಇಂದಿನ ಕರ್ನಾಟಕ) ಇರಲಿ. ಆಯೋಗ ಬೇಕೆಂದು ಪಟ್ಟು ಹಿಡಿದಿದ್ದ ಮಹಾರಾಷ್ಟ್ರ ಒಲ್ಲೆ ಎಂದಿತು; ನಾವು ‘ಮಹಾಜನ ವರದಿಯೇ ಅಂತಿಮ’ ಎಂದು ಗೋಡೆಗೋಡೆಗೆ ಬರೆದೆವು. ಬರೆದವರಲ್ಲಿ ಎಷ್ಟು ಜನ ವರದಿಯನ್ನು ಓದಿದ್ದರೋ ಕಾಣೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಕೇರಳದಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ನಮಗೆ ಬರಬೇಕು ಎಂದ ಅದೇ ವರದಿ, ನಿಪ್ಪಾಣಿಯನ್ನೂ ಖಾನಾಪುರ ತಾಲೂಕಿನ ಹಲವು ಊರುಗಳನ್ನೂ ಮಹಾರಾಷ್ಟ್ರಕ್ಕೆ ಬಿಡಿ ಎಂದಿದೆ. ಆ ಊರುಗಳಲ್ಲಿ ನಂದಗಡವೂ ಒಂದು! 1831ರಲ್ಲಿ ಬ್ರಿಟಿಷರು ಕಿತ್ತೂರಿನ ವೀರ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ, ಅವನ ಸಮಾಧಿ ಇರುವ ನೆಲ. ವರದಿಯ ಪ್ರತಿ ಅಕ್ಷರ ಜಾರಿಯಾಗಲಿ ಎನ್ನುವವರು ಈ ಸಾಲಿಗೆ ಬಂದಾಗ ಮಾತು ಬದಲಿಸುತ್ತಾರೆ, ಅದು ಸಹಜವೂ ಹೌದು. ಗಡಿಯನ್ನು ಭೂಪಟದಲ್ಲಿ ಗೆರೆ ಎಳೆದು ಬಿಡಿಸಬಹುದು, ಆದರೆ ಖಾನಾಪುರದ ಸಂತೆಯಲ್ಲಿ ಒಂದೇ ವ್ಯಾಪಾರ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ವರದಿ ಕೊಟ್ಟ ಮಹಾಜನರು 1967ರ ಡಿಸೆಂಬರ್‌ನಲ್ಲೇ ತೀರಿಕೊಂಡರು; ವಿವಾದ ಉಳಿಯಿತು. 2004ರಲ್ಲಿ ಮಹಾರಾಷ್ಟ್ರ ಇದೇ ಗಡಿಗಾಗಿ ಸುಪ್ರೀಂ ಕೋರ್ಟ್‌ ಮೆಟ್ಟಿಲು ಹತ್ತಿತು. 2012ರಲ್ಲಿ ನಾವು ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವನ್ನೇ ಎಬ್ಬಿಸಿ ನಿಲ್ಲಿಸಿದೆವು.